ಓಡೋ ತಗಡನ್ನು ಮುಟ್ಟದೆ ಹಿಡಿಯೋದು ಹೇಗೆ?

ಪಿಜಿ ರೂಮಲ್ಲಿ ಇಂಡಕ್ಷನ್ ಒಲೆ ಇಟ್ಕೊಂಡಿರೋರು ಒಂದು ಗಮನಿಸಿರ್ತೀರಿ. ಬೆಂಕಿ ಇಲ್ಲ, ಆದರೂ ಪಾತ್ರೆ ಬಿಸಿಯಾಗುತ್ತೆ. ಒಳಗಿನ ತಾಮ್ರದ ಸುರುಳಿಯಲ್ಲಿ ಎಸಿ ಕರೆಂಟ್ ಹರಿದಾಗ ಬದಲಾಗುವ ಕಾಂತಕ್ಷೇತ್ರ ಹುಟ್ಟಿ, ಪಾತ್ರೆಯ ತಳದಲ್ಲೂ ಸುಳಿ ಸುಳಿಯಾಗಿ ಕರೆಂಟ್ ಹರಿಸುತ್ತೆ. 1831ರಲ್ಲಿ ಫ್ಯಾರಡೆ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಉಕ್ಕಿನ ಕಾರ್ಖಾನೆಯಲ್ಲಿ ಓಡುವ ತಗಡಿನ ಪಟ್ಟಿಗೆ ಕಾವಲಿರೋದೂ ಇದೇ.

ಪುಣೆಗೆ ಬಂದ ಹೊಸತರಲ್ಲಿ ಅಂಥದ್ದೊಂದು ಕಾರ್ಖಾನೆಗೆ ಡ್ಯಾಶ್‌ಬೋರ್ಡ್ ಬರೆದುಕೊಟ್ಟಿದ್ದೆ. ಒಂದು ಮಿಲಿಮೀಟರ್‌ಗಿಂತ ತೆಳು, ಒಂದು ಮೀಟರ್‌ಗಿಂತ ಅಗಲದ ಪಟ್ಟಿ ಅಲ್ಲಿ ರೋಲರ್‌ಗಳ ಮೇಲೆ ಓಡ್ತಾ ಇರುತ್ತೆ. ರೋಲರ್ ಸ್ವಲ್ಪ ಸವೆದಿದ್ದರೂ, ಪಟ್ಟಿಯೇ ಒಂಚೂರು ಬಾಗಿದ್ದರೂ ಪಕ್ಕಕ್ಕೆ ಸರಿಯುತ್ತೆ. ಅಂಚು ಫ್ರೇಮಿಗೆ ಉಜ್ಜಿ ಹರಿದರೆ ಇಡೀ ಲೈನ್ ನಿಂತ ಹಾಗೇ. ಕ್ಯಾಮೆರಾ ಇಡಬಹುದಲ್ವಾ ಅಂತ ನಾನೂ ಕೇಳಿದ್ದೆ. ಆಸಿಡ್ ಹಬೆ, ಎಣ್ಣೆ, ಧೂಳಲ್ಲಿ ಲೆನ್ಸ್ ಮಂಕಾಗುತ್ತೆ. ಕಾಂತಕ್ಷೇತ್ರಕ್ಕೆ ಅವೆಲ್ಲ ಲೆಕ್ಕಕ್ಕೇ ಇಲ್ಲ.

ಎಡ, ಬಲ ಎರಡೂ ಅಂಚಲ್ಲಿ ಪಟ್ಟಿಯ ಮೇಲೊಂದು, ಕೆಳಗೊಂದು ತಂತಿ ಸುರುಳಿ ಇರುತ್ತೆ. ಒಂದು ಕಾಂತಕ್ಷೇತ್ರ ಕಳಿಸುತ್ತೆ, ಎದುರಿನದರಲ್ಲಿ ವೋಲ್ಟೇಜ್ ಹುಟ್ಟುತ್ತೆ. ನಡುವೆ ಪಟ್ಟಿ ಚಾಚಿಕೊಂಡಷ್ಟೂ ಅದರೊಳಗಿನ ಸುಳಿ ಕರೆಂಟ್ ಆ ಕ್ಷೇತ್ರವನ್ನು ತಡೆಯುತ್ತೆ, ವೋಲ್ಟೇಜ್ ಇಳಿಯುತ್ತೆ. ಪಟ್ಟಿ ಎಡಕ್ಕೆ ಸರಿದರೆ ಎಡದ್ದು ಇಳಿದು, ಬಲದ್ದು ಏರುತ್ತೆ. ಆ ವ್ಯತ್ಯಾಸ ನೋಡಿ ಹೈಡ್ರಾಲಿಕ್ ಸಿಲಿಂಡರ್ ಒಂದು ರೋಲರನ್ನು ಚೂರೇ ಚೂರು ತಿರುಗಿಸಿ ಪಟ್ಟಿಯನ್ನು ಮಧ್ಯಕ್ಕೆ ಎಳೆದು ತರುತ್ತೆ. ಬಿಸಿಗೋ ಮತ್ತೊಂದಕ್ಕೋ ಎರಡೂ ಬದಿ ಒಂದೇ ಥರ ಏರಿಳಿದರೆ ವ್ಯತ್ಯಾಸ ಬದಲಾಗಲ್ಲ.

ನಾನು ಎಡವಿದ್ದು ಇಲ್ಲೇ ನೋಡಿ. ಒಂದೇ ಬದಿಯ ವೋಲ್ಟೇಜ್ ನೋಡಿ ಅಲಾರಂ ಇಟ್ಟಿದ್ದೆ. ಕಡಿಮೆ ಅಗಲದ ರೋಲ್ ಬಂದಾಗಲೆಲ್ಲ ಎರಡೂ ಬದಿ ಒಟ್ಟಿಗೆ ಏರುತ್ತೆ. ಪಟ್ಟಿ ಸರಿಯಾಗಿ ನಡುವೆಯೇ ಇದ್ದರೂ ನನ್ನ ಅಲಾರಂ ಬಡ್ಕೊಳ್ತಿತ್ತು. ಆಪರೇಟರ್‌ಗಳು ಬೇಸತ್ತು ಮ್ಯೂಟ್ ಮಾಡಿಬಿಟ್ಟರು. ಅವರದ್ದೇನೂ ತಪ್ಪಿಲ್ಲ, ನಾವೂ ಆಫೀಸಿನ ಮೇಲ್‌ಗಳಿಗೆ ಅದನ್ನೇ ಮಾಡ್ತೀವಿ. ಒಂದು ರಾತ್ರಿ ಸಿಲಿಂಡರ್ ಜಾಮ್ ಆಗಿ ಪಟ್ಟಿ ನಿಜವಾಗ್ಲೂ ಸರಿಯಿತು. ಯಾರಿಗೂ ಕೇಳಿಸಲಿಲ್ಲ.

ಬೆಳಗ್ಗೆ ಶಿಫ್ಟ್ ಇಂಚಾರ್ಜ್ ಬಂದು, ಉಜ್ಜಿ ಮಡಚಿಹೋದ ಅಂಚಿನ ತುಂಡೊಂದನ್ನು ನನ್ನ ಟೇಬಲ್ ಮೇಲಿಟ್ಟು ಹೋದರು. ಬೈಲಿಲ್ಲ. ಮಧ್ಯಾಹ್ನದೊಳಗೆ ಕೋಡ್ ಬದಲಿಸಿದೆ. ಎಡಗಡೆಯ ವೋಲ್ಟೇಜಿನಿಂದ ಬಲಗಡೆಯದನ್ನು ಕಳೆಯೋದು, ಒಂದೇ ಸಾಲು. ಮ್ಯೂಟ್ ತೆಗೆಯಿರಿ ಅಂತ ಆಪರೇಟರ್‌ಗಳನ್ನು ಒಪ್ಪಿಸೋಕೆ ಮಾತ್ರ ಎರಡು ವಾರ ಬೇಕಾಯ್ತು.