ರಕ್ತ ಹೇಳುವ ವಂಶಾವಳಿ

ಕುಲವನ್ನು ರಕ್ತದಿಂದ ಗುರುತಿಸುವ ಭಾವನೆ ‘ರಕ್ತಸಂಬಂಧ’ ಎಂಬ ಪದದಲ್ಲಿಯೇ ಅಡಗಿದೆ. ರಕ್ತವೇ ಹೇಳುವ ವಂಶಕಥೆಯಾದರೋ ಬೇರೆ ಬಗೆಯದು.

ಮುಂಬಯಿಯ ಪರೇಲ್‌ನಲ್ಲಿ ಕೆ.ಇ.ಎಂ. ಆಸ್ಪತ್ರೆಯಿದೆ. ಅಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ಅಪೂರ್ವ ರಕ್ತಗುಂಪೊಂದು 1952ರಲ್ಲಿ ಪ್ರಕಟವಾಯಿತು. ಅದೇ ‘ಬಾಂಬೆ’ ಗುಂಪು. ಕೆಂಪು ರಕ್ತಕಣದ ಮೇಲಿನ ‘ಎಚ್’ ಎಂಬ ಮೂಲವಸ್ತುವಿಗೆ ಸಕ್ಕರೆಯ ಅಣುವೊಂದು ಸೇರಿದಾಗ, ಅದರ ಬಗೆಗನುಸಾರವಾಗಿ ‘ಎ’ ಅಥವಾ ‘ಬಿ’ ಗುಣ ಉಂಟಾಗುತ್ತದೆ. ಏನೂ ಸೇರದಿದ್ದರೆ ಅದು ‘ಓ’. ಬಾಂಬೆ ಗುಂಪಿನವರಲ್ಲಿ ‘ಎಚ್’ ಇಲ್ಲವಾದ್ದರಿಂದ, ಹೆತ್ತವರಿಂದ ಬಂದ ‘ಎ’ ಅಥವಾ ‘ಬಿ’ ವಂಶವಾಹಿ ಅವರಲ್ಲಿ ಪ್ರಕಟವಾಗದು. ಆದರೂ ಅದು ಮಕ್ಕಳಿಗೆ ದಾಟಬಲ್ಲದು. ಸಾಮಾನ್ಯ ಪರೀಕ್ಷೆಯಲ್ಲಿ ಇವರು ‘ಓ’ ಎಂದೇ ತೋರುತ್ತಾರೆ. ಆದರೆ ‘ಓ’ ರಕ್ತ ಇವರಿಗೆ ಮಾರಕವಾಗಬಹುದು.

‘ಎ’, ‘ಬಿ’ ಎಂಬ ಭೇದ ಮನುಷ್ಯನಿಗಿಂತಲೂ ಪ್ರಾಚೀನವಾದುದು. ಮನುಷ್ಯನೂ ಗಿಬ್ಬನ್ ವಾನರವೂ ಅದನ್ನು ಕನಿಷ್ಠ 2 ಕೋಟಿ ವರ್ಷಗಳ ಹಿಂದಿನ ಸಮಾನ ಪೂರ್ವಜರಿಂದ ಪಡೆದಿರುವುದನ್ನು 2012ರ ಸಂಶೋಧನೆಯೊಂದು ತೋರಿಸಿದೆ. ಹೀಗೆ, ಈ ಒಂದು ಅಂಶದ ಮಟ್ಟಿಗೆ, ‘ಎ’ ಗುಂಪಿನವನಿಗೆ ‘ಬಿ’ ಗುಂಪಿನ ಒಡಹುಟ್ಟಿದವನಿಗಿಂತ ‘ಎ’ ಗುಂಪಿನ ಗಿಬ್ಬನ್ ಹತ್ತಿರದ ಬಂಧು.

ಬಾಂಬೆ ಗುಂಪಿನ ರೋಗಿಗೆ ಅದೇ ಗುಂಪಿನ ದಾನಿಯ ರಕ್ತವೇ ಆಗಬೇಕು. ಭಾರತದಲ್ಲಿ ಅಂಥವರು ಸುಮಾರು 10,000 ಜನರಿಗೆ ಒಬ್ಬರೆಂದು ಅಂದಾಜು. ಆ ದಾನಿಯ ಕುಲ ಯಾವುದೆಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.