ಯಕ್ಷಗಾನ ಹಿಮ್ಮೇಳದ ಧ್ವನಿ ಮಿಶ್ರಣ

ಧ್ವನಿ ಮಿಶ್ರಣ ಎಂದರೆ ಬೇರೆ ಬೇರೆ ಮೈಕುಗಳಿಂದ ಬಂದ ಧ್ವನಿಗಳ ಪ್ರಮಾಣ ಹಾಗೂ ಗುಣವನ್ನು ಹೊಂದಿಸಿ ಒಂದಾಗಿಸುವ ಕೆಲಸ. ಇದನ್ನು ಮಾಡುವವರನ್ನು ಸ್ಟುಡಿಯೊಗಳಲ್ಲಿ ಮಿಕ್ಸಿಂಗ್ ಎಂಜಿನಿಯರ್ ಎಂದೂ, ಆಟದ ಬಯಲಿನಲ್ಲಿ ಮೈಕಿನವರು ಎಂದೂ ಕರೆಯುವುದು ರೂಢಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲ್ಲೂಕುಗಳಲ್ಲಿ ಬಡಗುತಿಟ್ಟಿನ ಯಕ್ಷಗಾನವೂ ಮಳೆಗಾಲದ ತಾಳಮದ್ದಳೆಯೂ ಬಳಕೆಯಲ್ಲಿದ್ದು, ಹಿಮ್ಮೇಳದ ಕಲಾವಿದರು ಹಾಗೂ ಮಿಶ್ರಣಕಾರರ ನಡುವಣ ಹೊಂದಾಣಿಕೆ ಇಲ್ಲಿ ಮಹತ್ತ್ವದ್ದಾಗಿದೆ.

ಹಿಮ್ಮೇಳದ ಸ್ವರೂಪ

ಬಡಗುತಿಟ್ಟಿನ ಹಿಮ್ಮೇಳದಲ್ಲಿ ತಾಳ ಹಿಡಿದು ಹಾಡುವ ಭಾಗವತರು, ಮದ್ದಳೆ, ಚಂಡೆ ಮತ್ತು ಶ್ರುತಿ ಇರುತ್ತವೆ. ಧ್ವನಿವರ್ಧಕ ಬರುವ ಮುನ್ನ ಬಯಲಿನ ಕೊನೆಯ ಸಾಲಿಗೂ ಪದ್ಯ ಕೇಳಿಸಬೇಕಾದುದರಿಂದ ಏರುಶ್ರುತಿಯ ಹಾಡುಗಾರಿಕೆ ಅನಿವಾರ್ಯವಾಗಿತ್ತು. ಮೈಕು ಬಂದ ಮೇಲೆ ಸಣ್ಣ ದನಿಯ ಭಾವವೂ ಜನರಿಗೆ ತಲುಪಿತು. ಶಿರಸಿ ತಾಲ್ಲೂಕಿನ ನೆಬ್ಬೂರು ನಾರಾಯಣ ಭಾಗವತರು 1934ರಲ್ಲಿ ಸ್ಥಾಪನೆಯಾದ ಕೆರೆಮನೆಯ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಲ್ಲಿ ದೀರ್ಘಕಾಲ ಹಾಡಿದವರು. ಕಾಳಿಂಗ ನಾವಡರ (1958–1990) ಹಾಡುಗಾರಿಕೆ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಮುಟ್ಟಿತು. ಕ್ಯಾಸೆಟ್ಟಿನ ಕೇಳುಗನಿಗೆ ವೇಷವೂ ಇಲ್ಲ, ರಂಗವೂ ಇಲ್ಲ. ಪದ್ಯದ ಸಾಹಿತ್ಯ ಕೇಳಿಸದಿದ್ದರೆ ಅವನಿಗೆ ಕಥೆಯೇ ಇಲ್ಲ.

ಚಂಡೆಯ ಸಮಸ್ಯೆ

ತೊಡಕು ಹುಟ್ಟುವುದು ಇಲ್ಲಿಯೇ. ಚಂಡೆ ತನ್ನ ಮೈಕಿಗಷ್ಟೇ ಅಲ್ಲದೆ ಭಾಗವತರ ಮೈಕಿಗೂ ನುಗ್ಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಮೂರು ಮೀಟರ್ ದೂರದ ಪೆಟ್ಟು ಭಾಗವತರ ಮೈಕನ್ನು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಬೇಗ, ಆದರೆ ಚಂಡೆಯದೇ ಮೈಕಿಗಿಂತ ತಡವಾಗಿ ಸೇರುತ್ತದೆ. ಎರಡೂ ಬೆರೆತಾಗ ಪೆಟ್ಟಿನ ಅಂಚು ಮಸುಕಾಗುತ್ತದೆ. ಚಂಡೆಯ ಮೈಕನ್ನು ಸಂಪೂರ್ಣ ಮುಚ್ಚಿದರೂ ಭಾಗವತರ ಮೈಕಿನೊಳಗಿನ ಚಂಡೆ ಹೋಗದು. ದನಿ ಏರಿಸಿದರೆ ಅದೂ ಏರುತ್ತದೆ. ಮಿಶ್ರಣಕಾರರನ್ನು ದೂರುವ ಮೊದಲು ಕಲಾವಿದರು ಇದನ್ನು ತಿಳಿದಿರುವುದು ಒಳ್ಳೆಯದು. ಭಾಗವತರು ಮೈಕಿಗೆ ಹತ್ತಿರವಿದ್ದು ಹಾಡುವುದು, ಮೈಕಿನ ಬೆನ್ನು ಚಂಡೆಯತ್ತ ಇರುವಂತೆ ಕೂರುವುದು, ಸ್ಟುಡಿಯೊದಲ್ಲಾದರೆ ಚಂಡೆಯನ್ನು ಬೇರೆ ಕೋಣೆಯಲ್ಲಿಟ್ಟು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುವುದು ಇದಕ್ಕೆ ಪರಿಹಾರಗಳು. ಕೊನೆಯದರಲ್ಲಿ ಒಂದು ನಷ್ಟವೂ ಇದೆ: ಭಾಗವತರ ಮುಖ ನೋಡಿಯೇ ಬಿಡ್ತಿಗೆ, ಮುಕ್ತಾಯ ಹಿಡಿಯುವ ವಾದಕನಿಗೆ ಗೋಡೆ ಅಡ್ಡವಾಗುತ್ತದೆ. ನಡುವೆ ಗಾಜಿನ ಕಿಟಕಿಯಿದ್ದರೆ ಇದು ಬಹುಪಾಲು ನೀಗುತ್ತದೆ.

ಮುದ್ರಣಕ್ಕೆ ಮುನ್ನ

ಮದ್ದಳೆಯ ಬಲಮುಚ್ಚಿಗೆಯೂ ಚಂಡೆಯೂ ಶ್ರುತಿಗೆ ಸೇರಿರಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದರಿಂದ ಪ್ರತಿ ಪದ್ಯದ ನಡುವೆಯೂ ಪರೀಕ್ಷಿಸುವುದು ಕ್ಷೇಮ. ಹಾಡುವ ಶ್ರುತಿ ಯಾವುದೆಂದು ಮೊದಲೇ ತಿಳಿಸಬೇಕು. ಇಳಿದ ಮದ್ದಳೆಯನ್ನು ಯಂತ್ರದಿಂದ ಏರಿಸಿದರೆ ನಾದ ಕೃತಕವಾಗುತ್ತದೆ.

ಧ್ವನಿಪರೀಕ್ಷೆಯಲ್ಲಿ ಮೆಲ್ಲಗೆ ನುಡಿಸಿ, ಯುದ್ಧದ ಪದ್ಯಕ್ಕೆ ಬಂದಾಗ ಏರು ಚಂಡೆ ಬಾರಿಸುವುದು ಸಾಮಾನ್ಯ ದೋಷ. ಅತ್ಯಂತ ಜೋರಾದ ಭಾಗವನ್ನೇ ಮೊದಲು ನುಡಿಸಿ ತೋರಿಸಬೇಕು. ಡಿಜಿಟಲ್ ಮುದ್ರಣದಲ್ಲಿ ಮಿತಿ ಮೀರಿ ಒಡೆದ ಧ್ವನಿಯನ್ನು ಪೂರ್ತಿಯಾಗಿ ಸರಿಪಡಿಸಲಾಗದು. 24 ಬಿಟ್‌ಗಳಲ್ಲಿ ಮುದ್ರಿಸಿ ಮೇಲ್ಮಿತಿಗಿಂತ ಕೆಲವು ಡೆಸಿಬೆಲ್ ಕೆಳಗೆ ನಿಲ್ಲಿಸಿದರೆ ಹಾನಿಯಿಲ್ಲ.

ಪದ್ಯಗಳ ಪ್ರತಿಯನ್ನು ಮಿಶ್ರಣಕಾರರಿಗೆ ಕೊಡಬೇಕು. ಪ್ರಸಂಗ ತಿಳಿಯದವರಿಗೆ ಕರುಣೆಯ ಪದ್ಯ ಯಾವುದು, ವೀರದ್ದು ಯಾವುದು ಎಂಬುದು ಹೊಳೆಯದು. ಸಾಹಿತ್ಯ ಮುಂದಿರಬೇಕಾದ ಸಾಲುಗಳಿಗೂ ಕುಣಿತಕ್ಕಾಗಿ ಚಂಡೆ ಮುಂದೆ ಬರಬೇಕಾದ ಎಡೆಗಳಿಗೂ ಗುರುತು ಹಾಕಿದ್ದರೆ ಅರ್ಧ ಕೆಲಸ ಮುಗಿದಂತೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತನಾಡುವಾಗ ಹಿಮ್ಮೇಳದ ಮೈಕುಗಳನ್ನು ತಗ್ಗಿಸಬೇಕಾದುದರಿಂದ, ಪದ್ಯ ಎತ್ತುವ ಮುನ್ನ ಭಾಗವತರಿಂದ ಒಂದು ಕೈಸನ್ನೆ ಬೇಕು.

ತಿದ್ದುಪಡಿಗಳು

ಮೊದಲ ಮಿಶ್ರಣವನ್ನು ಕೇಳಿದಾಗ ಪ್ರತಿಯೊಬ್ಬ ವಾದಕನಿಗೂ ತನ್ನ ವಾದ್ಯವೇ ಕಡಿಮೆಯಾಗಿದೆಯೆಂದು ತೋರುವುದುಂಟು. ಎಲ್ಲರ ಮಾತಿನಂತೆ ಏರಿಸಿದರೆ ಮತ್ತೆ ಮೊದಲಿನ ಸ್ಥಿತಿಯೇ. ಆದ್ದರಿಂದ ಅಭಿಪ್ರಾಯಗಳನ್ನು ಒಬ್ಬರೇ ಸಂಗ್ರಹಿಸಿ ಹೇಳಬೇಕು. ಭಾಗವತರನ್ನು ಒಂದನೇ ವೇಷ ಎನ್ನುವ ಸಂಪ್ರದಾಯದಲ್ಲಿ ಆ ಹೊಣೆ ಸಹಜವಾಗಿ ಅವರದು. ‘ಸರಿಯಾಗಿಲ್ಲ’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ‘2 ನಿಮಿಷ 10 ಸೆಕೆಂಡಿನಲ್ಲಿ ಮೂರನೆಯ ಸಾಲಿನ ಕೊನೆಯ ಶಬ್ದ ಚಂಡೆಯಡಿ ಮುಚ್ಚಿಹೋಗಿದೆ’ ಎಂದರೆ ಮಿಶ್ರಣಕಾರರು ನೇರ ಅಲ್ಲಿಗೇ ಹೋಗಬಲ್ಲರು. ಹೆಡ್‌ಫೋನಿನಲ್ಲಿ ಒಮ್ಮೆ, ಮನೆಯ ಸಾಧಾರಣ ಸ್ಪೀಕರಿನಲ್ಲಿ ಒಮ್ಮೆ ಕೇಳಿ ಬರೆದಿಟ್ಟ ಟಿಪ್ಪಣಿ ಹೆಚ್ಚು ನಂಬಿಕೆಗೆ ಅರ್ಹ. ಪ್ರಸಂಗ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಪದ್ಯದ ಶಬ್ದಗಳನ್ನು ಬರೆಯಲು ಹೇಳುವುದೂ ಒಳ್ಳೆಯ ಪರೀಕ್ಷೆ. ಅವರು ಬಿಟ್ಟ ಶಬ್ದಗಳೇ ತಿದ್ದುಪಡಿಯ ಪಟ್ಟಿಯಾಗುತ್ತವೆ.