ಎರಡು ನಿಷ್ಠೆಗಳ ನಡುವೆ ಹದಿಹರೆಯ

ಹದಿಹರೆಯದವರಿಗಾಗಿ ಬರೆದ ಮಾಯಾಲೋಕದ ಕಾದಂಬರಿಗಳನ್ನು ದೊಡ್ಡವರು ಸಾಮಾನ್ಯವಾಗಿ ಓದುವುದಿಲ್ಲ, ಓದಿದರೂ ಹೇಳಿಕೊಳ್ಳುವುದಿಲ್ಲ. ಅಮೆರಿಕದ ಲೇಖಕಿ ಹಾಲಿ ಬ್ಲ್ಯಾಕ್ ಅವರ ‘ದಿ ವಿಕೆಡ್ ಕಿಂಗ್’ ಓದಿ ಮುಗಿಸಿದ ಮೇಲೆ, ಪಾವಗಡದವನಾದ ನನಗೆ ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. 2018ರಲ್ಲಿ ಬಂದ ‘ದಿ ಕ್ರೂಯೆಲ್ ಪ್ರಿನ್ಸ್’ ಕೃತಿಯ ಮುಂದುವರಿದ ಭಾಗವಿದು. 2019ರಲ್ಲಿ ಪ್ರಕಟವಾಯಿತು.

ಕಥಾನಾಯಕಿ ಜೂಡ್ ಮನುಷ್ಯಕುಲದ ಹುಡುಗಿ. ಆಕೆಯ ಏಳನೆಯ ವಯಸ್ಸಿನಲ್ಲಿ ಕಿನ್ನರಲೋಕದ ಸೇನಾಪತಿ ಮ್ಯಾಡಾಕ್ ಅವಳ ತಂದೆತಾಯಿಯರನ್ನು ಕೊಂದು, ಅವಳನ್ನೂ ಸೋದರಿಯರನ್ನೂ ತನ್ನ ಲೋಕಕ್ಕೆ ಕರೆದೊಯ್ದು ಸಾಕುತ್ತಾನೆ. ಕೊಂದವನೇ ಸಾಕಿದ ತಂದೆ! ಮೊದಲ ಭಾಗದ ಕೊನೆಗೆ ಆಕೆ ಉಪಾಯದಿಂದ ರಾಜಕುಮಾರ ಕಾರ್ಡನ್‌ನನ್ನು ಸಿಂಹಾಸನದ ಮೇಲೆ ಕೂರಿಸಿ, ಒಂದು ವರ್ಷ ಮತ್ತು ಒಂದು ದಿನ ತನ್ನ ಮಾತು ಕೇಳುವಂತೆ ವಚನದಲ್ಲಿ ಕಟ್ಟಿಹಾಕುತ್ತಾಳೆ. ಎರಡನೆಯ ಭಾಗದ ಪ್ರಶ್ನೆ ಬೇರೆ. ಗೆದ್ದ ಅಧಿಕಾರವನ್ನು ಉಳಿಸಿಕೊಳ್ಳುವುದು ಹೇಗೆ? ಉಳಿಸಿಕೊಳ್ಳುವ ಯತ್ನದಲ್ಲಿ ತಾನು ಏನಾಗಿಬಿಡುತ್ತೇನೆ? ಪುಟ್ಟ ತಮ್ಮ, ಸಾಕುತಂದೆ, ರಾಜ್ಯ, ಸ್ವಂತ ಹೃದಯ: ಇವುಗಳಲ್ಲಿ ಒಂದಕ್ಕೆ ನಿಷ್ಠಳಾದರೆ ಇನ್ನೊಂದಕ್ಕೆ ದ್ರೋಹ. ಕಡೆಗೆ ಅವಳಿ ಸೋದರಿಯೇ ಅವಳಿಗೆ ಎರಡು ಬಗೆಯುತ್ತಾಳೆ. ಆ ಲೋಕದವರು ಸುಳ್ಳು ಹೇಳಲಾರರು, ಆದರೆ ನಿಜವನ್ನೇ ತಿರುಚಿ ಮೋಸಗೊಳಿಸಬಲ್ಲರು.

ಈ ಕಥೆ ಕನ್ನಡಿಗರಿಗೆ ತೀರಾ ಅಪರಿಚಿತವಲ್ಲ. ನಮ್ಮ ನೆರೆಯ ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನಾಧರಿಸಿ ತ.ರಾ.ಸು. ಬರೆದ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳೂ ಒಂದರ ಮುಂದುವರಿಕೆ ಇನ್ನೊಂದು. ದೊರೆಗಳನ್ನು ಏರಿಸಿ ಇಳಿಸುವ ದಳವಾಯಿ ಮುದ್ದಣ್ಣನ ಒಳಸಂಚು ಅಲ್ಲಿಯೂ ಇದೆ; ಪಟ್ಟದ ಸುತ್ತ ನಿಂತವರಲ್ಲಿ ಯಾರನ್ನು ನಂಬುವುದೆಂಬ ಸಂಕಟವೂ ಇದೆ. ಆದರೆ ತ.ರಾ.ಸು. ಬರೆದದ್ದು ಪ್ರೌಢ ಓದುಗರಿಗೆ. ಎಳೆಯರ ಪಾಲಿಗೆ ಇದ್ದದ್ದು ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ ಬಳಿಕ ಕನ್ನಡಕ್ಕೂ ಬಂದ ಆ ಪತ್ರಿಕೆಯ ಧಾರಾವಾಹಿಗಳಲ್ಲಿ ಮಾಂತ್ರಿಕರು, ಪಾಳುಕೋಟೆಗಳು, ದುಷ್ಟ ಮಂತ್ರಿಗಳು ತುಂಬಿದ್ದರು. ಅಲ್ಲಿ ಕೆಟ್ಟವನು ಯಾರೆಂಬುದು ಚಿತ್ರ ನೋಡಿದರೇ ತಿಳಿಯುತ್ತಿತ್ತು. ಇಂದು ಆ ಪತ್ರಿಕೆಯೂ ಇಲ್ಲ.

ಹೀಗೆ ‘ಚಂದಮಾಮ’ ಬಿಟ್ಟ ಹುಡುಗ ‘ದುರ್ಗಾಸ್ತಮಾನ’ ಹಿಡಿಯುವ ತನಕದ ನಾಲ್ಕಾರು ವರ್ಷ ಕನ್ನಡದಲ್ಲಿ ಓದಲು ಸಿಗುವುದು ಕಡಿಮೆ. ನಾ. ಡಿಸೋಜ ಅವರಂಥ ಕೆಲವರು ಈ ಅಂತರ ತುಂಬಲು ದುಡಿದರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವೂ ಸಂದಿತು. ಅವರ ಹಿಂದೆ ದೊಡ್ಡ ಸಾಲೇನೂ ನಿಲ್ಲಲಿಲ್ಲ. ಮಕ್ಕಳು ಇಂಗ್ಲಿಷ್ ಕಾದಂಬರಿಗಳತ್ತ ಹೊರಳಿದರೆಂದು ಹಳಿಯುವ ನಾವು, ಆ ವಯಸ್ಸಿಗೆ ಕೊಟ್ಟದ್ದೇನು?

ಪಾವಗಡದಂಥ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರ. ತುಮಕೂರು ಜಿಲ್ಲೆಗೆ ಸೇರಿದ ಈ ತಾಲ್ಲೂಕನ್ನು ಬಹುತೇಕ ಆಂಧ್ರವೇ ಸುತ್ತುವರಿದಿದೆ. ಮಧುಗಿರಿಯಿಂದ ಹೊರಟ ಬಸ್ಸು ಆಂಧ್ರದ ನೆಲ ತುಳಿದೇ ನಮ್ಮೂರು ಸೇರುತ್ತದೆ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ‘ನೀನು ಕನ್ನಡದವನೋ, ತೆಲುಗಿನವನೋ?’ ಎಂದು ಕೇಳುವವರಿಗೆ ಅದು ಸರಳ ಪ್ರಶ್ನೆ. ಉತ್ತರಿಸಬೇಕಾದ ಹುಡುಗಿಗೆ ಒಂದನ್ನು ಒಪ್ಪಿದರೆ ಅಮ್ಮನನ್ನು, ಇನ್ನೊಂದನ್ನು ಒಪ್ಪಿದರೆ ಮೇಷ್ಟರನ್ನು ಬಿಟ್ಟುಕೊಟ್ಟಂತೆ.

ಇತಿಹಾಸ ಇಂಥ ಸರಳ ಉತ್ತರವನ್ನು ಕೊಡುವುದಿಲ್ಲ. ನಮ್ಮ ತಾಲ್ಲೂಕಿನ ನಿಡುಗಲ್ಲಿನಿಂದ ಆಳಿದ ಚೋಳ ಮನೆತನ ತೆಲುಗು ಚೋಡರ ಬಳಗದ್ದು. ಆದರೆ ಅವರ ಶಾಸನಗಳ ಭಾಷೆ ಕನ್ನಡ. ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ, ಹೊಯ್ಸಳರೊಡನೆ ಕಾದಾಡಿ, ದೊಡ್ಡ ರಾಜ್ಯಗಳ ನಡುವೆ ಅವರು ಬದುಕಿದರು. ಅವರ ಹೆಂಜೇರು, ಅಂದರೆ ಈಗಿನ ಹೇಮಾವತಿ, ಆಂಧ್ರದಲ್ಲಿದೆ. ನಿಡುಗಲ್ಲು ಬೆಟ್ಟ ಕರ್ನಾಟಕದಲ್ಲಿದೆ. ಒಂದೇ ಮನೆತನದ ನೆನಪು ಈಗ ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ.

ಜೂಡ್‌ಳ ಕಥೆ ಹದಿನಾರರ ಓದುಗರಿಗೆ ಕೊಡುವ ಧೈರ್ಯ ಇಂಥದ್ದು: ಎರಡು ಕಡೆಗೆ ಸೆಳೆಯುವ ಮನಸ್ಸು ದ್ರೋಹಿಯ ಮನಸ್ಸಾಗಬೇಕಿಲ್ಲ. ಆದರೆ ಆಯ್ಕೆಗೆ ಬೆಲೆಯುಂಟು, ಅದನ್ನು ತೆರಲೇಬೇಕು. ಈ ಮಾತನ್ನು ನಮ್ಮ ಮಕ್ಕಳು ಪರದೇಶದ ಕಿನ್ನರಲೋಕದಿಂದಲೇ ಕಲಿಯಬೇಕೆ? ನಿಡುಗಲ್ಲಿನ ಕೋಟೆಯೊಳಗೂ ಸಂಚು, ಸಂದೇಹ, ಒಡೆದ ನಿಷ್ಠೆಗಳು ಇದ್ದಿರಲೇಬೇಕು. ಅದನ್ನು ಕಲ್ಪಿಸಿ, ಹದಿಹರೆಯದವರನ್ನು ಮಕ್ಕಳೆಂದು ತಿಳಿಯದೆ ಅವರಿಗಾಗಿಯೇ ಕನ್ನಡದಲ್ಲಿ ಬರೆಯುವ ಲೇಖಕರು ಬೇಕು, ಪ್ರಕಟಿಸುವವರೂ ಬೇಕು. ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆಯುವವರು ನೀತಿಕಥೆಗಳ ಜೊತೆಗೆ ಇಂಥ ಕಾದಂಬರಿಗಳಿಗೂ ಒಂದು ಕಪಾಟು ಮೀಸಲಿಟ್ಟರೆ, ಗಡಿಯ ಹುಡುಗಿಗೆ ತನ್ನ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿಕೊಳ್ಳುವ ಅವಕಾಶ ದೊರೆತೀತು.